ಗಂಟು, ಕಸೆ, ಗುಂಡಿ, ಲಾಡಿ

ಉಡುಗೆಯ ಚರಿತ್ರೆ ಬರೆಯುವವರ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ಅಂಚಿಗೆ, ಜರಿಗೆ. ಬಟ್ಟೆ ಮೈಮೇಲೆ ಜಾರದೆ ನಿಂತದ್ದು ಯಾವುದರ ಬಲದಿಂದ ಎಂದು ಕೇಳುವವರು ಕಡಿಮೆ. ಗಂಟು ಹಾಕಿ ಉಡುವ ಬಟ್ಟೆಗೆ ಸಿಂಪಿಗ ಬೇಡ, ಸೂಜಿಯೂ ಬೇಡ. ಅಂಗಿಗೆ ಹೊಲಿದು ಕಟ್ಟಿಕೊಳ್ಳುವ ಪಟ್ಟಿಯಾದ ಕಸೆಗೆ ಸಿಂಪಿಗ ಬೇಕು. ಗುಂಡಿಗೆ ಸಿಂಪಿಗನ ಜೊತೆ ಪೇಟೆಯೂ ಬೇಕು. ಲಾಡಿ ಬಂದಮೇಲಂತೂ ಸೀರೆಯೊಳಗೆ ಇನ್ನೊಂದು ಉಡುಪೇ ಸೇರಿಕೊಂಡಿತು. ಯಾರು ಯಾವುದನ್ನು ಕಟ್ಟಬಹುದು, ಎಲ್ಲಿ ಕಟ್ಟಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂಬುದರಲ್ಲಿ ಜಾತಿ ಇತ್ತು, ಧರ್ಮ ಇತ್ತು, ಮಾಡುವ ಕೆಲಸ ಇತ್ತು. ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಡೆ, ಜತ್ತ, ಮಹಾರಾಷ್ಟ್ರದೊಳಗಿನ ನಮ್ಮ ಈ ಕನ್ನಡ ಸೀಮೆಯಲ್ಲಿ ನಾಲ್ಕೂ ಬಗೆ ಇವತ್ತಿಗೂ ಕಣ್ಣಿಗೆ ಬೀಳುತ್ತವೆ. ಹಳೆಯ ಮನೆಯಾದರೆ ಒಂದೇ ಟ್ರಂಕಿನಲ್ಲಿ ನಾಲ್ಕೂ ಸಿಕ್ಕಾವು.

ಕಸೆ ನೋಡಬೇಕೆಂದರೆ ಸಂಕ್ರಾಂತಿಗೆ ಸೊಲ್ಲಾಪುರಕ್ಕೆ ಬರಬೇಕು. ಸೊನ್ನಲಿಗೆಯ ಸಿದ್ಧರಾಮನ ಹೆಸರಿನ ಗಡ್ಡಾ ಜಾತ್ರೆ ಆಗ. ಏಳು ನಂದಿಧ್ವಜಗಳು ಹೊರಡುತ್ತವೆ, ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ ಬೀಳುತ್ತದೆ. ಧ್ವಜ ಹೊರುವವರೂ ಹಿಂದೆ ನಡೆಯುವ ಸಾವಿರಾರು ಗಂಡಸರೂ ತೊಡುವುದು ಬಿಳಿಯ ಬಾರಾಬಂದಿ. ಬಾರಾ ಎಂದರೆ ಹನ್ನೆರಡು, ಬಂದಿ ಎಂದರೆ ಕಟ್ಟು. ಹನ್ನೆರಡು ಕಸೆ, ಆರು ಜೋಡಿ, ಒಂದೂ ಗುಂಡಿ ಇಲ್ಲ. ಎದೆಯ ಮೇಲೆ ಒಂದು ಮಗ್ಗುಲು ಇನ್ನೊಂದರ ಮೇಲೆ ಬರುತ್ತದೆ. ಒಳಗಿನ ಮಗ್ಗುಲನ್ನು ಒಳಗಿನ ಕಸೆಗಳು ಹಿಡಿಯುತ್ತವೆ, ಹೊರಗಿನದನ್ನು ಹೊರಗಿನ ಕಸೆಗಳು. ವರ್ಷವೆಲ್ಲ ಪ್ಯಾಂಟು ಶರ್ಟು ತೊಡುವ ಬ್ಯಾಂಕಿನ ನೌಕರನೂ ರಿಕ್ಷಾ ಓಡಿಸುವವನೂ ಆ ದಿನಗಳಲ್ಲಿ ಗುಂಡಿ ಬಿಟ್ಟು ಕಸೆಗೆ ಮರಳುತ್ತಾರೆ. ಕಾಲ ಬದಲಾದರೂ ಈ ಉಡುಪು ಬರಿಯ ವೇಷವಾಗದೆ ಉಳಿದದ್ದಕ್ಕೆ ಕಾರಣ ಒಂದೇ: ಅದನ್ನು ತೊಟ್ಟವರು ಅದರಲ್ಲಿ ದುಡಿಯುತ್ತಾರೆ. ಭಾರದ ಧ್ವಜ ಎತ್ತುತ್ತಾರೆ, ಬೆವರುತ್ತಾರೆ, ಮೈಲುಗಟ್ಟಲೆ ನಡೆಯುತ್ತಾರೆ.

ಹೊಲಿಸುವವರು ಕೆಲವು ಸಂಗತಿ ತಿಳಿದಿರಬೇಕು. ಮಧ್ಯಮ ಮೈಕಟ್ಟಿನವರಿಗೆ 36 ಇಂಚು ಪನ್ನಾದ, ಅಂದರೆ ಅಗಲದ, ಮಾಂಜರಪಾಟ ಎಂಬ ದಪ್ಪ ಹತ್ತಿ ಬಟ್ಟೆ ಅಥವಾ ಹತ್ತಿಯ ಪಾಪ್ಲಿನ್ 3 ಮೀಟರ್ ಬೇಕು. ಎದೆಯ ಭಾಗ ಎರಡು ಪದರವಾಗುವುದರಿಂದ ಶರ್ಟಿನ ಲೆಕ್ಕ ಹಿಡಿದರೆ ಬಟ್ಟೆ ಸಾಲುವುದಿಲ್ಲ. ಕತ್ತರಿಸುವ ಮುಂಚೆ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಬೇಕು. ಬಿಳುಪು ಮಾಡದ ಕೋರಾ ಬಟ್ಟೆಯಾದರೆ ಎರಡು ಸಲ. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೇ ತೋಳು ಗಿಡ್ಡವಾಗುತ್ತದೆ. ಕಸೆಗೆ ಒಂದೂವರೆ ಇಂಚು ಅಗಲದ ಪಟ್ಟಿ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಅಂಚಿಗೆ ಹೊಲಿಗೆ ಹಾಕಿದರೆ ಅರ್ಧ ಇಂಚಿಗಿಂತ ಕಿರಿದಾದ ಗಟ್ಟಿ ಕಸೆ ಸಿಗುತ್ತದೆ. ಉದ್ದ 9ರಿಂದ 10 ಇಂಚು. ಪಟ್ಟಿಯನ್ನು ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ, ನೂಲಿನ ಗುಂಟವೇ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಪಟ್ಟಿ ಎಳೆದಂತೆಲ್ಲ ಹಿಗ್ಗುತ್ತದೆ, ಗಂಟು ತಾನಾಗಿ ಸಡಿಲಾಗುತ್ತದೆ. ಬಾರಾಬಂದಿ ಹರಿಯುವುದು ಬಟ್ಟೆಯ ನಡುವೆ ಅಲ್ಲ, ಕಸೆ ಕೂಡುವ ಜಾಗದಲ್ಲಿ. ಕೈ ಮೇಲೆತ್ತಿ ಧ್ವಜ ಹಿಡಿದಾಗ ಬಗಲಿನ ಕಸೆಗೆ ಎಲ್ಲ ಎಳೆತ ಬೀಳುತ್ತದೆ. ಅದಕ್ಕೇ ಅಲ್ಲಿ ಒಳಗಡೆ ಒಂದು ಇಂಚಿನ ಚೌಕು ತೇಪೆ ಇಟ್ಟು, ಕಸೆಯನ್ನು ಚೌಕಾಕಾರವಾಗಿ ಸುತ್ತಲೂ ಹೊಲಿಯಬೇಕು. ತೋಳಿನ ಕೆಳಗೆ ಚೌಕು ತುಂಡು ಕೂಡಿಸದ ಬಾರಾಬಂದಿಯನ್ನು ಹೊಲಿಸಿಕೊಳ್ಳಲೇಬೇಡಿ. ಕೈ ಎತ್ತಿದ ಕೂಡಲೇ ಇಡೀ ಅಂಗಿ ಮೇಲೆ ಬರುತ್ತದೆ.

ಕಸೆಯನ್ನು ಯಾವ ಬದಿಗೆ ಕಟ್ಟಬೇಕು ಎಂಬುದೂ ಒಂದು ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಮೊಘಲರ ಕಾಲದ ಜಾಮಾ ಎಂಬ ನಿಲುವಂಗಿಯನ್ನು ಹಿಂದೂಗಳು ಎಡ ಬಗಲಿನಲ್ಲಿ, ಮುಸ್ಲಿಮರು ಬಲ ಬಗಲಿನಲ್ಲಿ ಕಟ್ಟುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ನಿಂತವರ ಧರ್ಮ ಯಾವುದು ಎಂದು ಗುರುತಿಸಲು ಇಂದಿಗೂ ಆ ಕಸೆಯನ್ನೇ ನೋಡುತ್ತಾರೆ. ಒಂದೇ ಬಟ್ಟೆ, ಒಂದೇ ಕತ್ತರಿ, ಒಂದೇ ದರಬಾರು, ಗಂಟಿನ ಬದಿ ಮಾತ್ರ ಬೇರೆ. ಗುಂಡಿ ಬಂದು ಈ ಭೇದವನ್ನು ಸದ್ದಿಲ್ಲದೆ ಅಳಿಸಿತು. ನಡುವೆ ಒಂದು ಸಾಲು ಕಾಜಾ, ಒಂದು ಸಾಲು ಗುಂಡಿ. ತೊಟ್ಟವನ ಧರ್ಮವನ್ನು ಅದು ಹೇಳುವುದಿಲ್ಲ. ಆದರೆ ಗುಂಡಿಯನ್ನು ಕಳಚಿದ್ದೂ ಒಂದು ರಾಜಕಾರಣವೇ. 1921ರ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ಗಾಂಧೀಜಿ ಹೊಲಿದ ಉಡುಪನ್ನೇ ಬಿಟ್ಟು ತುಂಡು ಪಂಚೆಗೆ ಬಂದರು. ಅಂಬೇಡ್ಕರ್ ಕೋಟಿನ ಗುಂಡಿ ಹಾಕಿಯೇ ನಿಂತರು. ನಮ್ಮ ಊರುಗಳ ಚೌಕಗಳಲ್ಲಿ ನೀಲಿ ಕೋಟಿನ ಪ್ರತಿಮೆ ನೋಡಿದಾಗ ಆ ಗುಂಡಿಗಳ ಹಿಂದೆ ಎಷ್ಟು ತಲೆಮಾರುಗಳ ನಿರ್ಬಂಧ ಇತ್ತೆಂದು ನೆನೆಯಬೇಕು.

ಇನ್ನು ಗಂಟು. ಇದೇ ಈ ಬರಹದ ಜೀವ.

ಹದಿನೆಂಟು ಮೊಳದ ಸೀರೆ ಎಂದರೆ ಒಂಬತ್ತು ಗಜ, ಅಳತೆಯಲ್ಲಿ ಸುಮಾರು 8.2 ಮೀಟರ್. ಇದರೊಳಗೆ ಲಂಗ ಇಲ್ಲ, ಲಾಡಿ ಇಲ್ಲ, ಪಿನ್ನು ಇಲ್ಲ. ಇಡೀ ಸೀರೆಯ ಭಾರ ನಿಲ್ಲುವುದು ಹೊಕ್ಕುಳ ಮುಂದಿನ ಒಂದು ಗಂಟಿನ ಮೇಲೆ. ಉಡುವ ಕ್ರಮ ಹೀಗೆ: ಸೀರೆಯನ್ನು ಬೆನ್ನ ಹಿಂದಿನಿಂದ ತಂದು ಎರಡೂ ಬದಿಯನ್ನು ಮುಂದೆ ಹಿಡಿಯಬೇಕು. ಒಂದು ಬದಿಗೆ ಸುಮಾರು ಒಂದು ಗಜ ಇರಲಿ, ಉಳಿದದ್ದೆಲ್ಲ ಇನ್ನೊಂದು ಬದಿಗೆ. ಎರಡೂ ಬದಿಯ ಮೇಲಂಚಿನಿಂದ ಒಂದೊಂದು ಹಿಡಿ ಬಟ್ಟೆ ಎಳೆದು ಬಿಗಿಯಾಗಿ ಗಂಟು ಹಾಕಬೇಕು. ಉದ್ದದ ಬದಿಯನ್ನು ಬೆನ್ನ ಸುತ್ತ ತಂದು, ಎದೆಯ ಮೇಲಿಂದ ಹೆಗಲಿಗೆ ಹಾಕಿ, ಸೆರಗು ಎಷ್ಟು ಬೇಕೋ ಅಷ್ಟನ್ನು ಮೊದಲೇ ಅಳೆದುಕೊಳ್ಳಬೇಕು. ತಲೆ ಮೇಲೆ ಸೆರಗು ಹೊದೆಯುವವರು ಒಂದೂವರೆ ಮೊಳ ಹೆಚ್ಚು ಬಿಡಬೇಕು. ಗಂಟಿಗೂ ಸೆರಗಿಗೂ ನಡುವೆ ಉಳಿದ ಬಟ್ಟೆಯನ್ನು ನಿರಿಗೆ ಹಿಡಿದು ಹೊಕ್ಕುಳ ಹತ್ತಿರ ಸಿಕ್ಕಿಸಬೇಕು. ಆಮೇಲೆ ನಿರಿಗೆಯ ಕೆಳಗಂಚಿನ ನಟ್ಟನಡುವನ್ನು ಹಿಡಿದು, ಕಾಲುಗಳ ನಡುವಿಂದ ಹಿಂದಕ್ಕೆ ತೆಗೆದು, ಅಂಚನ್ನು ಸಣ್ಣ ಮಡಿಕೆ ಮಾಡಿ ಬೆನ್ನ ನಡುವೆ ಸಿಕ್ಕಿಸಿದರೆ ಕಚ್ಚೆಯಾಯಿತು.

ಹೊಸದಾಗಿ ಕಲಿಯುವವರು ಎಡವುವುದು ಹೆಚ್ಚಾಗಿ ಕಚ್ಚೆ ಎಳೆಯುವಾಗ. ನೆಟ್ಟಗೆ ನಿಂತು ಬಿಗಿಯಾಗಿ ಎಳೆದರೆ ನಿಂತಾಗ ಚೆಂದ, ಕುಳಿತ ಕೂಡಲೇ ಹಿಂದಿನಿಂದ ಕಿತ್ತು ಬರುತ್ತದೆ. ಎರಡೂ ಮಂಡಿಯನ್ನು ಬಾಗಿಸಿ, ಅರ್ಧ ಕುಳಿತ ಭಂಗಿಯಲ್ಲಿ ಎಳೆದು ಸಿಕ್ಕಿಸಿದರೆ ಬೇಕಾದಷ್ಟೇ ಸಡಿಲ ಉಳಿಯುತ್ತದೆ. ನಡುಬಿಂದು ತಪ್ಪಿದರೆ ಒಂದು ಕಾಲು ಪಾದದವರೆಗೆ, ಇನ್ನೊಂದು ಮೀನಖಂಡದವರೆಗೆ ಬರುತ್ತದೆ. ನಿರಿಗೆಯ ಎರಡು ಕೊನೆಗಳನ್ನು ಕೂಡಿಸಿ ಮಡಿಚಿ ನಡು ಹುಡುಕಿಕೊಳ್ಳುವುದು ಒಳ್ಳೆಯದು. ಸೆರಗನ್ನು ಕೊನೆಗೆ ಅಳೆಯುತ್ತೇನೆ ಎಂದವರಿಗೆ ಸೆರಗು ಸಾಲುವುದೇ ಇಲ್ಲ. ಬಟ್ಟೆಯ ಗುಣವೂ ಮುಖ್ಯ. ಗಂಟು ನಿಲ್ಲುವುದು ನೂಲಿಗೆ ನೂಲು ಹಿಡಿಯುವುದರಿಂದ. ಹತ್ತಿ ಹಿಡಿಯುತ್ತದೆ, ನೈಲಾನ್ ಪಾಲಿಯೆಸ್ಟರ್ ಜಾರುತ್ತವೆ. ಗಂಜಿ ಹೋಗದ ಹೊಸ ಹತ್ತಿ ಸೀರೆಯೂ ಗಂಟಿಗೆ ಬಗ್ಗುವುದಿಲ್ಲ, ಎರಡು ಸಲ ತಣ್ಣೀರಲ್ಲಿ ಜಾಲಿಸಿದ ಮೇಲೆ ಉಡಬೇಕು. ಕೃತಕ ನೂಲಿನ ಸೀರೆ ಮನೆಮನೆಗೆ ಬಂದಾಗ ಗಂಟಿನ ಕಾಲ ಮುಗಿದದ್ದಕ್ಕೆ ಇದೂ ಒಂದು ಕಾರಣ. ಜಾರುವ ಬಟ್ಟೆಗೆ ಲಾಡಿಯೇ ಗತಿ.

ಎಲ್ಲರೂ ಒಂದೇ ರೀತಿ ಉಡುತ್ತಿದ್ದರು ಎಂದುಕೊಳ್ಳಬಾರದು. ಬ್ರಾಹ್ಮಣರ ಮನೆಗಳಲ್ಲಿ ಕಚ್ಚೆ ಕಡ್ಡಾಯ, ಅಂಚು ಪಾದದ ಗಂಟಿನವರೆಗೆ. ಅನೇಕ ಲಿಂಗಾಯತ ಮನೆಗಳಲ್ಲಿ ಅಷ್ಟೇ ಉದ್ದದ ಸೀರೆಯನ್ನು ಕಚ್ಚೆ ಹಾಕದೆ ಸುತ್ತಿ, ನಿರಿಗೆ ಮುಂದೆ ಬಿಟ್ಟು ಉಡುತ್ತಿದ್ದರು. ಜೋಳದ ಹೊಲದಲ್ಲಿ ಕಳೆ ತೆಗೆಯುವವರು, ಕಲ್ಲು ಮಣ್ಣು ಹೊರುವವರು ಕಚ್ಚೆಯನ್ನು ಮಂಡಿಯವರೆಗೆ ಎತ್ತಿ ಬಿಗಿಯುತ್ತಿದ್ದರು. ಹೊಲದಲ್ಲಿ ಅದು ಅನುಕೂಲ. ಊರೊಳಗೆ ಅದೇ ಎತ್ತರ ಒಂದು ಮುದ್ರೆ. ಕೆಲಸ ಮುಗಿಸಿ ಮೈ ತೊಳೆದು ಹೊರಟರೂ ದಲಿತ ಹೆಂಗಸು ಸೀರೆಯನ್ನು ಇಳಿಸಿ ಉಡುವ ಹಾಗಿರಲಿಲ್ಲ. ದೂರದಿಂದ ಕಂಡವರಿಗೆ ಅವಳ ಜಾತಿ ಕಾಲಿನಲ್ಲೇ ಕಾಣಬೇಕಿತ್ತು.

ಮಹಾಡದ ಸತ್ಯಾಗ್ರಹ ಎಂದರೆ ನೆನಪಾಗುವುದು ದಲಿತರು ಹಕ್ಕಿನಿಂದ ಕುಡಿದ ಚವದಾರ ಕೆರೆಯ ನೀರು, 1927ರ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದು. ಆ ಡಿಸೆಂಬರ್ ಸಮ್ಮೇಳನದಲ್ಲೇ ಅಂಬೇಡ್ಕರ್ ಹೆಂಗಸರನ್ನು ಕೂಡಿಸಿ ಉಡುಗೆಯ ಬಗ್ಗೆ ಮಾತಾಡಿದರು. ಮೇಲ್ಜಾತಿಯ ಹೆಂಗಸರು ಉಡುವಂತೆ ಸೀರೆಯನ್ನು ಇಳಿಸಿ ಉಡಿ, ಕೈಕಾಲಿಗೆ ಹೇರಿಕೊಂಡ ಗುರುತಿನ ಆಭರಣಗಳನ್ನು ತೆಗೆಯಿರಿ, ಬಟ್ಟೆ ಹರಿದಿದ್ದರೂ ಶುಭ್ರವಾಗಿರಲಿ ಎಂಬುದು ಮಾತಿನ ತಿರುಳು. ಅಲ್ಲಿಂದ ಹೊರಡುವ ಮೊದಲೇ ಹಲವರು ಸೀರೆಯನ್ನು ಹೊಸ ರೀತಿಯಲ್ಲಿ ಉಟ್ಟಿದ್ದರು. ಉಡಿಸಲು ನೆರವಾದವರಲ್ಲಿ ಮೇಲ್ಜಾತಿಯ ಹೆಂಗಸರೂ ಇದ್ದರು. ಇದರ ತೂಕ ಅರಿಯಬೇಕಾದರೆ ಒಂದು ಸಂಗತಿ ಗಮನಿಸಬೇಕು. ಈ ಬದಲಾವಣೆಗೆ ಹೊಸ ಸೀರೆ ಬೇಕಾಗಲಿಲ್ಲ. ಅದೇ ಸೀರೆ, ಅದೇ ಉದ್ದ, ಅದೇ ಗಂಟು. ಕಚ್ಚೆ ಎಳೆಯುವಾಗ ಬಿಟ್ಟ ಸಡಿಲ ಮಾತ್ರ ಒಂದೂವರೆ ಗೇಣು ಹೆಚ್ಚು. ನೂರಾರು ವರ್ಷದ ಕಟ್ಟಳೆ ಒಂದೂವರೆ ಗೇಣಿನಲ್ಲಿ ಮುರಿಯಿತು. ತಿರುವಾಂಕೂರಿನಲ್ಲಿ ಚಾನ್ನಾರ್ ಜಾತಿಯ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿ 1859ರಲ್ಲಿ ಅಲ್ಲಿನ ಅರಸನ ಘೋಷಣೆ ಪಡೆದರು. ಅಲ್ಲಿ ಆದೇಶ ಮೇಲಿನಿಂದ ಬಂತು, ಮಹಾಡದಲ್ಲಿ ಹೆಂಗಸರೇ ಕೈಯಾರೆ ಮಾಡಿಕೊಂಡರು.

ಸೀರೆಯ ಉದ್ದ ಉಡುವವರ ಕೈಲಿ ಮಾತ್ರ ಇರಲಿಲ್ಲ, ಮಗ್ಗದಲ್ಲೂ ಇತ್ತು. ನಮ್ಮ ಕಡೆ ಮದುವೆ ಮುಂಜಿಗೆ ಬೇಕೇ ಬೇಕಾದ ಇಳಕಲ್ ಸೀರೆಯನ್ನೇ ನೋಡಿ. ಮೈಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆ ಅಥವಾ ಕೃತಕ ರೇಷ್ಮೆಯ ಹಾಸು. ಎರಡೂ ಬೇರೆ ಬೇರೆ. ಮೈಯ ಪ್ರತಿ ನೂಲನ್ನು ಸೆರಗಿನ ನೂಲಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಹತ್ತು ಸೀರೆಗೆ ಒಂದೇ ಉದ್ದನೆಯ ಹಾಸು ಹಾಕಿ ಒಂದೇ ಸಮ ನೇಯುತ್ತ ಹೋಗುವ ಹಾಗಿಲ್ಲ. ಒಂದು ಸೀರೆಗೆ ಒಂದು ಹಾಸು, ಅದಕ್ಕೊಂದು ಸೆರಗು. ಆರು ಗಜವೋ ಎಂಟೋ ಒಂಬತ್ತೋ ಎಂದು ಲಾಳಿ ಆಡುವ ಮೊದಲೇ ತೀರ್ಮಾನ ಆಗಬೇಕು. ಗಿರಾಕಿ ಆರು ಗಜ ಕೇಳತೊಡಗಿದಾಗ ನೇಕಾರನಿಗೆ ಕೊಂಡಿಯ ಕೆಲಸ ಕಡಿಮೆಯಾಗಲಿಲ್ಲ. ಒಂಬತ್ತು ಗಜಕ್ಕೂ ಆರು ಗಜಕ್ಕೂ ಅಷ್ಟೇ ಕೊಂಡಿ, ಅಷ್ಟೇ ಸೆರಗು. ನೇಯುವ ಗಜ ಕಡಿಮೆಯಾಯಿತು, ಕೂಡಿಸುವ ಶ್ರಮ ಹಾಗೇ ಉಳಿಯಿತು.

ಕೊಳ್ಳುವಾಗ ಇಳಕಲ್ಲಿನ ತೋಪ ತೆನಿ ಎಂಬ ಅಸಲಿ ಸೆರಗು ಹೌದೋ ಅಲ್ಲವೋ ತಿಳಿಯುವುದು ಕಷ್ಟವಿಲ್ಲ. ಸೀರೆ ತಿರುವಿ, ಮೈ ಮುಗಿದು ಸೆರಗು ಶುರುವಾಗುವ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ಕೊಂಡಿ ಹಾಕಿದ್ದರೆ ಆ ಗೆರೆಯುದ್ದಕ್ಕೂ ಎರಡು ಬಣ್ಣದ ನೂಲು ಒಂದರೊಳಗೊಂದು ಬಳಸಿಕೊಂಡ ಸಣ್ಣ ಸಣ್ಣ ಕುಣಿಕೆಗಳು ಕಾಣುತ್ತವೆ, ಬೆರಳಿಗೂ ತಾಗುತ್ತವೆ. ಗೆರೆ ದಾಟಿದ ಮೇಲೆ ಮೈಯ ಬಣ್ಣದ ಒಂದು ನೂಲೂ ಕಾಣಬಾರದು. ಹಾಸೂ ಕೆಂಪು, ಅಡ್ಡ ನೂಲಾದ ಹೊಕ್ಕೂ ಕೆಂಪು, ಅದಕ್ಕೇ ಆ ಕೆಂಪು ಅಷ್ಟು ದಟ್ಟ. ಪವರ್‌ಲೂಮಿನ ನಕಲಿಯಲ್ಲಿ ಮೈಯ ಹಾಸೇ ಸೆರಗಿನೊಳಕ್ಕೂ ಮುಂದುವರಿದಿರುತ್ತದೆ. ಕಪ್ಪು ಮೈಯ ಸೀರೆಯಾದರೆ ಸೆರಗಿನ ಕೆಂಪು ಕಂದಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ, ನೀಲಿಯಾದರೆ ನೇರಳೆಗೆ. ಅಂಗಡಿಯ ಬಲ್ಬಿನಡಿ ಇದು ತಿಳಿಯದು, ಬಾಗಿಲಿಗೆ ತಂದು ನೋಡಬೇಕು. ಅಂಚಿನ ಸೀರೆಯನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರಿಂದ ಇದೆ. ಆದರೂ ನಕಲಿ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಗಾಗಿ ಕೊಳ್ಳುವವರ ಕಣ್ಣೇ ನೇಕಾರನಿಗೆ ಕಾವಲು.

ಲಾಡಿಯ ಕಥೆಗೆ ಸೊಲ್ಲಾಪುರದ ನಂಟಿದೆ, ಇದು ಬಹಳ ಮಂದಿಗೆ ತಿಳಿಯದು. 1863ರಲ್ಲಿ ಬ್ರಿಟಿಷರ ಆಡಳಿತ ಸೇವೆಯಾದ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ಮುಂಬಯಿ ಪ್ರಾಂತದಲ್ಲಿ ನೌಕರಿ ಮಾಡಿದವರು. ಕಾರವಾರದಲ್ಲೂ ಸೊಲ್ಲಾಪುರದಲ್ಲೂ ನ್ಯಾಯಾಧೀಶರಾಗಿದ್ದರು. ಅವರ ಹೆಂಡತಿ ಜ್ಞಾನದಾನಂದಿನಿ ದೇವಿ 1864ರಲ್ಲಿ ಮುಂಬಯಿಗೆ ಬಂದಾಗ ಬಂಗಾಳದ ಉಡುಗೆ ಹೊರಗೆ ಓಡಾಡಲು ತಕ್ಕದ್ದಾಗಿರಲಿಲ್ಲ, ಒಂದೇ ಪದರದ ಸೀರೆ, ಒಳಗೆ ಏನೂ ಇಲ್ಲ. ಪಾರ್ಸಿ ಹೆಂಗಸರು ಒಳಲಂಗ, ರವಿಕೆ ತೊಟ್ಟು ಅದರ ಮೇಲೆ ಸೀರೆ ಉಡುವುದನ್ನು ಕಂಡು ಕಲಿತರು. ಪಾರ್ಸಿಗಳ ಸೆರಗು ಬಲ ಹೆಗಲಿಗೆ, ಇವರು ಬಲಗೈ ಬಿಡುವಾಗಿರಲೆಂದು ಎಡ ಹೆಗಲಿಗೆ ಹಾಕಿದರು. ಲಂಗ, ಹೊಲಿದ ರವಿಕೆ, ಮುಂದೆ ನಿರಿಗೆ, ಎಡ ಹೆಗಲ ಸೆರಗು, ಇವತ್ತು ನಾವು ಸೀರೆ ಎಂದರೆ ಕಣ್ಣಿಗೆ ಬರುವ ರೂಪಕ್ಕೆ ಅಲ್ಲಿಂದ ದೊಡ್ಡ ಬಲ ಬಂತು. ಆನಂದಿಬಾಯಿ ಜೋಶಿಯವರದೂ ಇದೇ ಸಮಸ್ಯೆ. 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಆಕೆಗೆ ಫಿಲಡೆಲ್ಫಿಯಾದ ಚಳಿಯಲ್ಲಿ ಕಚ್ಚೆ ಸೀರೆ ಸಾಲಲಿಲ್ಲ, ನಡುವೂ ಮೀನಖಂಡವೂ ತೆರೆದೇ ಇರುತ್ತಿದ್ದವು. ಗುಜರಾತಿ ರೀತಿಯ ಸುತ್ತು ಸೀರೆಗೆ ಹೊರಳಿದರು. ಇತ್ತ ರವಿವರ್ಮನ ಅಚ್ಚುಕೂಟ 1894ರಲ್ಲಿ ಶುರುವಾಗಿ ಲಕ್ಷ್ಮಿ ಸರಸ್ವತಿಯರು ಸೀರೆ ಉಟ್ಟು ಮನೆಮನೆಯ ಗೋಡೆಗೆ ಬಂದರು. ದೇವರೇ ಹೀಗೆ ಉಟ್ಟ ಮೇಲೆ ಮನುಷ್ಯರು ಉಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಒಂಬತ್ತು ಗಜದಿಂದ ಆರಕ್ಕೆ ಇಳಿದಾಗ ಬಟ್ಟೆ ಉಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಆರು ಗಜ ಎಂದರೆ 5.5 ಮೀಟರ್, ಉಳಿದದ್ದು 2.7 ಮೀಟರ್. ಆದರೆ ಒಳಲಂಗಕ್ಕೆ 2ರಿಂದ 2.25 ಮೀಟರ್ ಬೇಕು. ನಿಜವಾಗಿ ಉಳಿದದ್ದು ಅರ್ಧ ಮೀಟರಿನ ಆಸುಪಾಸು. ಹೆಣ್ಣು ಹೊರುವ ಬಟ್ಟೆ ಹೆಚ್ಚುಕಡಿಮೆ ಅಷ್ಟೇ, ಹಂಚಿಕೆ ಬದಲಾಯಿತು. ಮೊದಲು ನೇಕಾರನಿಂದ ಒಂದು ಸೀರೆ, ರವಿಕೆಗೆ ಒಂದು ಖಣ ತಂದರೆ ಮುಗಿಯಿತು. ಈಗ ಸೀರೆ ನೇಕಾರನದು, ಲಂಗದ ಪಾಪ್ಲಿನ್ ಗಿರಣಿಯದು, ಹೊಲಿಗೆ ಸಿಂಪಿಗನದು. ಸೊಲ್ಲಾಪುರದಂಥ ಗಿರಣಿಯ ಊರಿಗೆ, ಹೊಲಿಗೆ ಯಂತ್ರದ ಮುಂದೆ ಕುಳಿತ ಸಾವಿರಾರು ಹೆಂಗಸರಿಗೆ ಅನ್ನ ಕೊಟ್ಟದ್ದು ಈ ಹಂಚಿಕೆಯೇ.

ಒಳಲಂಗವನ್ನು, ನಮ್ಮ ಕಡೆಯ ಮಾತಿನಲ್ಲಿ ಪರಕಾರವನ್ನು, ಹಗುರವಾಗಿ ಕಾಣುವವರೇ ಹೆಚ್ಚು. ಸೀರೆ ಕೂರುವುದು ಅದರ ಮೇಲೇ. ಆರು ಕಳಿ, ಅಂದರೆ ಮೇಲೆ ಕಿರಿದು ಕೆಳಗೆ ಅಗಲವಾದ ಆರು ತುಂಡು, ಕತ್ತರಿಸಿ ಹೊಲಿದ ಲಂಗ ಸೊಂಟದ ಬಳಿ ಗುಪ್ಪೆಯಾಗುವುದಿಲ್ಲ, ಕೆಳಗೆ ಹೆಜ್ಜೆಗೆ ಜಾಗ ಬಿಡುತ್ತದೆ. ಲಾಡಿ ಓಡುವ ನೇಫಾ ಒಂದೂವರೆ ಇಂಚು ಇರಲಿ. ಬದಿಯ ಸೀಳು 6 ಇಂಚು ಸಾಕು, ಅದರ ತಳದಲ್ಲಿ ನಾಲ್ಕು ಸಲ ಅಡ್ಡ ಹೊಲಿಗೆ ಹಾಕದಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಲಾಡಿಯನ್ನೂ ಬಟ್ಟೆಯ ಜೊತೆ ಮೊದಲೇ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಅದು ಕುಗ್ಗಿ ನೇಫಾದೊಳಗೆ ಸೇರಿಬಿಡುತ್ತದೆ. ಬೆನ್ನ ನಡುವೆ ಲಾಡಿಗೂ ನೇಫಾಕ್ಕೂ ಕೂಡಿಸಿ ಒಂದು ಹೊಲಿಗೆ ಹಾಕಿಟ್ಟರೆ ಒಗೆಯುವಾಗ ಕಿತ್ತು ಬರುವ ಕಾಟವೂ ತಪ್ಪುತ್ತದೆ. ಹತ್ತಿ ಸೀರೆಗೂ ಜಾರುವ ಸೀರೆಗೂ ಹತ್ತಿಯ ಲಂಗವೇ ಸರಿ. ಸ್ಯಾಟಿನ್ ಲಂಗದ ಮೇಲೆ ನಿರಿಗೆ ನಿಲ್ಲದು ಎಂದು ಲಾಡಿಯನ್ನು ಮತ್ತಷ್ಟು ಬಿಗಿಯುತ್ತಾರೆ, ಅಲ್ಲೇ ಅಪಾಯ ಶುರು.

ಆ ಅಪಾಯ ಸಣ್ಣದಲ್ಲ. 1945ರಷ್ಟು ಹಿಂದೆಯೇ ಮುಂಬಯಿಯ ರೋಗಶಾಸ್ತ್ರಜ್ಞ ಖಾನೋಲ್ಕರ್ ಅವರು ಧೋತರವನ್ನು ಬಿಗಿದು ಕಟ್ಟುವ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಆದದ್ದನ್ನು ದಾಖಲಿಸಿದ್ದರು. ಸೀರೆ ಉಡುವವರಲ್ಲೂ ಇದೇ ಕಂಡುಬಂತು. 2024ರಲ್ಲಿ ವರ್ಧಾ ಮತ್ತು ಬಿಹಾರದ ವೈದ್ಯರು ಎರಡು ಪ್ರಕರಣ ಪ್ರಕಟಿಸಿದರು. ಒಬ್ಬಾಕೆ ಲಂಗದ ಲಾಡಿಯನ್ನು ಬಿಗಿದು ಕಟ್ಟಿದವರು, ಇನ್ನೊಬ್ಬಾಕೆ ಲಂಗವಿಲ್ಲದೆ ಲುಗಡೆ ಸೀರೆ ಉಟ್ಟವರು. ತಪ್ಪು ಲಾಡಿಯದೂ ಅಲ್ಲ, ಗಂಟಿನದೂ ಅಲ್ಲ. ದಶಕಗಟ್ಟಲೆ ಒಂದೇ ಜಾಗದಲ್ಲಿ ಬೀಳುವ ಒತ್ತಡ, ಬೆವರು, ಉಜ್ಜಾಟದಿಂದ ಹುಣ್ಣಾಗಿ, ಆ ಹುಣ್ಣು ಮಾಯದೆ ಉಳಿದಾಗ ಇದು ಬರುತ್ತದೆ. ಹಗ್ಗದಂಥ ಕಿರಿದಾದ ಲಾಡಿ ಬಿಟ್ಟು ಒಂದಿಂಚಿಗೂ ಅಗಲದ ಪಟ್ಟಿ ಲಾಡಿ ಹಾಕಿಸಿ. ಕಟ್ಟುವ ಎತ್ತರವನ್ನು ದಿನಕ್ಕೊಂದು ಬೆರಳಷ್ಟಾದರೂ ಬದಲಿಸಿ. ಮನೆಗೆ ಬಂದ ಕೂಡಲೇ ಸಡಿಲಿಸಿ. ಕಪ್ಪುಗಟ್ಟಿದ ಚರ್ಮದ ಮೇಲೆ ಮಾಯದ ಹುಣ್ಣು ಕಂಡರೆ ಅರಿಶಿನ ಹಚ್ಚುತ್ತ ದಿನ ದೂಡದೆ ಡಾಕ್ಟರಿಗೆ ತೋರಿಸಿ. ಮನೆಯ ಹಿರಿಯ ಹೆಂಗಸರು ಇದನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ, ಮಕ್ಕಳೇ ಕೇಳಬೇಕು.

ಕುಬಸದಲ್ಲೂ ಗಂಟು ಹೋಗಿ ಹುಕ್ಕು ಬಂತು. ಗುಳೇದಗುಡ್ಡದ ಒಂದು ಖಣಕ್ಕೆ ಒಂದು ಕುಬಸ, ಅದೇ ಲೆಕ್ಕದಲ್ಲಿ ನೇಯುತ್ತಾರೆ, ಅದೇ ಲೆಕ್ಕದಲ್ಲಿ ಮಾರುತ್ತಾರೆ, ಅದೇ ಲೆಕ್ಕದಲ್ಲಿ ಉಡಿ ತುಂಬುತ್ತಾರೆ. ಹಳೆಯ ಕುಬಸದ ಮುಂದಿನ ಎರಡು ಚುಂಗನ್ನು ಎದೆಯ ಕೆಳಗೆ ಗಂಟು ಹಾಕುತ್ತಿದ್ದರು. ಮೈ ಇಳಿದರೂ ಏರಿದರೂ ಗಂಟು ಹೊಂದಿಕೊಳ್ಳುತ್ತಿತ್ತು, ಬಸುರಿ ಬಾಣಂತಿಗೆ ಬೇರೆ ಕುಬಸ ಬೇಡವಾಗಿತ್ತು. ಹುಕ್ಕಿನ ರವಿಕೆ ಒಂದೇ ಅಳತೆಗೆ ಕಟ್ಟುಬೀಳುತ್ತದೆ. ಅದಕ್ಕೇ ಬದಿಯ ಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಿಸಿಕೊಳ್ಳಬೇಕು. ಖಣದ ರವಿಕೆಗಂತೂ ಇದು ಕಡ್ಡಾಯ, ಆ ನೇಯ್ಗೆ ಎಳೆತಕ್ಕೆ ಹೊಲಿಗೆಯ ಬಳಿ ಬಾಯಿ ಬಿಡುತ್ತದೆ.

ಗಿರಣಿಯ ಮಾತೂ ಬರಬೇಕು. ಸೊಲ್ಲಾಪುರದ ಹಳೆಯ ಗಿರಣಿ 1877ರಷ್ಟು ಹಿಂದಿನದು. ತಿರುಗುವ ಬೆಲ್ಟು, ಗಾಲಿಗಳ ನಡುವೆ ಬಿಗಿದ ಕಚ್ಚೆ ಸುರಕ್ಷಿತ, ಬಿಟ್ಟ ಸೆರಗು ಪ್ರಾಣಕ್ಕೆ ಎರವು. 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಂ ನಡೆಯುವ ಯಂತ್ರದ ಬಳಿ ಕೆಲಸ ಮಾಡುವವನು ಮೈಗಂಟಿದ ಬಟ್ಟೆ ತೊಡಬೇಕು, ಅದನ್ನು ಮಾಲೀಕನೇ ಕೊಡಬೇಕು ಎಂದಿತು. ಹಾಗೆ ತೊಡುವವನು ತರಬೇತಿ ಪಡೆದ ಗಂಡಸೇ ಆಗಿರಬೇಕು ಎಂದೂ, ನಡೆಯುವ ಯಂತ್ರವನ್ನು ಒರೆಸುವ, ಎಣ್ಣೆ ಹಾಕುವ ಕೆಲಸವನ್ನು ಹೆಂಗಸಿಗೆ ಕೊಡಕೂಡದು ಎಂದೂ ಅದೇ ಕಲಂ ಹೇಳಿತು. ಪ್ರಾಣ ಉಳಿಸುವ ಬಟ್ಟೆ ಯಾವುದೆಂದು ಕಾಯ್ದೆಗೆ ಗೊತ್ತಿತ್ತು. ಅದನ್ನು ಹೆಣ್ಣಿಗೂ ಕೊಡುವ ಬದಲು ಹೆಣ್ಣನ್ನೇ ಯಂತ್ರದಿಂದ ದೂರ ಇಟ್ಟಿತು. ಈ ಊರಿನ ಹೆಂಗಸರಲ್ಲಿ ದೊಡ್ಡ ಪಾಲು ಬೀಡಿ ಕಟ್ಟುವ ಕೆಲಸಕ್ಕೆ ನಿಂತರು. ತೊಡೆಯ ಮೇಲೆ ಮೊರ ಇಟ್ಟುಕೊಂಡು ದಿನವಿಡೀ ಕೂರುವ ಆ ಕೆಲಸಕ್ಕೆ ಕಚ್ಚೆಗಿಂತ ಸುತ್ತು ಸೀರೆ ಅನುಕೂಲ.

ಈಗ ಕಚ್ಚೆ ಸೀರೆ ಹೊಲಿದೇ ಸಿಗುತ್ತದೆ. ಪಾಯಿಜಾಮದಂತೆ ಕಾಲು ತೂರಿಸಿ ಲಾಡಿ ಕಟ್ಟಿದರೆ ಐದು ನಿಮಿಷದಲ್ಲಿ ಮುಗಿಯಿತು. ಯುಗಾದಿ ಮೆರವಣಿಗೆಗೆ, ಮದುವೆಗೆ, ಬೈಕಿನ ಮೇಲೆ ಹೋಗುವ ಹುಡುಗಿಯರು ಇದನ್ನೇ ಇಷ್ಟಪಡುತ್ತಾರೆ, ಅದು ಒಳ್ಳೆಯದೇ. ಹೊಲಿಸುವಾಗ ನಿಂತ ಅಳತೆ ಮಾತ್ರ ಕೊಟ್ಟರೆ ಆಸನದ ಹೊಲಿಗೆ ಬಿಡುವುದು ಖಂಡಿತ. ಕುರ್ಚಿಯಲ್ಲಿ ಕುಳಿತು ಸೊಂಟದಿಂದ ಕುರ್ಚಿಯವರೆಗೆ ಅಳೆದು, ಅದಕ್ಕೆ 2 ಇಂಚು ಕೂಡಿಸಿ ಹೇಳಬೇಕು. ಆಸನಕ್ಕೆ ಜೋಡಿ ಹೊಲಿಗೆ ಇರಲಿ. ಅಜ್ಜಿಯ ಅಸಲಿ ಇಳಕಲ್ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ. ಒಮ್ಮೆ ಕತ್ತರಿಸಿದ ಒಂಬತ್ತು ಗಜ ಮತ್ತೆ ಒಬ್ಬಳ ಮೈಗೇ ಸೀಮಿತ, ಕತ್ತರಿಸದ ಸೀರೆ ನಾಲ್ಕು ತಲೆಮಾರಿನ ಯಾವ ಮೈಗೂ ಆದೀತು.

ಕೊನೆಗೆ ಬಂದದ್ದು ಗೌನು, ಅಂದರೆ ನೈಟಿ. ಗಂಟಿಲ್ಲ, ಕಸೆಯಿಲ್ಲ, ಲಾಡಿಯಿಲ್ಲ, ತಲೆಯಿಂದ ತೂರಿಸಿದರೆ ಆಯಿತು. ಮೈಗೆ ಇಷ್ಟು ಹಗುರಾದ ಉಡುಪು ನಮ್ಮ ಹೆಂಗಸರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆದರೆ ನಳಕ್ಕೆ ನೀರು ಬಂತೆಂದು ಹೊರಗೆ ಬರುವಾಗ, ತರಕಾರಿ ಗಾಡಿ ನಿಂತಾಗ, ಗೌನಿನ ಮೇಲೆ ಒಂದು ಟವೆಲ್ ಹೆಗಲಿಗೆ ಬೀಳುತ್ತದೆ. ಅದು ಸೆರಗಿನ ಜಾಗ. ಹೆಚ್ಚಿನ ಮನೆಗಳಲ್ಲಿ ಅದು ಇದೇ ಸೊಲ್ಲಾಪುರದ ಟೆರ್ರಿ ಟವೆಲ್, ಒಂದು ಕಾಲಕ್ಕೆ ಸೀರೆ ನೇಯುತ್ತಿದ್ದ ಓಣಿಗಳಲ್ಲಿ ಪವರ್‌ಲೂಮಿನ ಮೇಲೆ ನೇಯ್ದದ್ದು. ಅದನ್ನು ಹಿಡಿಯುವುದಕ್ಕೆ ಏನೂ ಇಲ್ಲ. ಬಗ್ಗಿದರೆ ಜಾರುತ್ತದೆ, ಕೊಡ ಎತ್ತಿದರೆ ಜಾರುತ್ತದೆ. ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈ ಎದೆಯ ಮೇಲಿನ ಟವೆಲ್ಲಿನ ಮೇಲೆ.